ಓರೆ ನೆಲ, ನೆಟ್ಟ ಕಂಬ

ಹಾವೇರಿಯ ನಮ್ಮ ಮನೆಯ ಮೋಟಾರು ಗ್ಯಾರೇಜಿನ ನೆಲ ಓರೆಯಾಗಿದೆಯೆಂಬುದು ನನಗೆ ಚಿಕ್ಕಂದಿನಿಂದಲೂ ಗೊತ್ತಿದ್ದ ಸಂಗತಿ. ಹಿಂಗೋಡೆಯ ಬಳಿ ಕೈಬಿಟ್ಟ ಗೋಲಿಗುಂಡು ತಾನಾಗಿ ಉರುಳಿ ಬಾಗಿಲು ದಾಟಿ ಬೀದಿಗೆ ಬೀಳುತ್ತಿತ್ತು. ಆದರೆ ಆ ನೆಲ ಎಷ್ಟು ಓರೆ, ಏಕೆ ಓರೆ ಎಂದು ಕೇಳಿಕೊಳ್ಳುವ ಪ್ರಸಂಗ ಬಂದುದು ಕಳೆದ ವರ್ಷ, ಅದರ ಮೇಲೆ ಮೋಟಾರು ಎತ್ತುವ ಲಿಫ್ಟೊಂದನ್ನು ನಿಲ್ಲಿಸಬೇಕೆಂಬ ಹಟ ನನ್ನ ತಲೆಯನ್ನು ಹೊಕ್ಕಾಗ. ಜೀವಮಾನವೆಲ್ಲ ಹುಡುಗರಿಗೆ ಇತಿಹಾಸ ಕಲಿಸಿ ನಿವೃತ್ತನಾದವನಿಗೆ ಯಂತ್ರದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ಕಾರಣವಿದೆ; ಅದು ಹೇಳಿಕೊಳ್ಳಲು ಹಿತವಾದುದಲ್ಲ.

ನಮ್ಮ ತಂದೆಯವರು 1976ರಲ್ಲಿ ಒಂದು ಅಂಬಾಸಿಡರ್ ಕೊಂಡರು. ಆಗ ಹಾವೇರಿ ಧಾರವಾಡ ಜಿಲ್ಲೆಯ ಒಂದು ತಾಲೂಕು; ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಇಂಗ್ಲಂಡಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ತಂದು ಕಲಕತ್ತೆಯ ಸಮೀಪದ ಉತ್ತರಪಾಡಾದಲ್ಲಿ 1957ರಿಂದ 2014ರವರೆಗೆ ತಯಾರಿಸಿದ ಈ ಗಾಡಿಯನ್ನು ವಾಚಕರಿಗೆ ಬಣ್ಣಿಸಬೇಕಾದುದಿಲ್ಲ. ಒಂದು ಮಾತನ್ನಷ್ಟೆ ನೆನಪಿಸುತ್ತೇನೆ. ಅದರ ಮುಂಗಾಲಿಯ ಕೀಲುಗಳಿಗೆ ಆಗಾಗ್ಗೆ ಗ್ರೀಸು ಉಣಿಸದಿದ್ದರೆ ಅದು ನರಳುತ್ತದೆ. ಗ್ರೀಸು ಉಣಿಸಬೇಕಾದರೆ ಯಾರಾದರೂ ಅದರ ಅಡಿಗೆ ಹೋಗಲೇಬೇಕು. ಗಾಡಿಯ ತೂಕವೋ 1,100 ಕೆ.ಜಿ.ಗೂ ಮಿಕ್ಕಿದ್ದು.

ನಾನು ಕಾಲೇಜಿನಲ್ಲಿ ಓದುತ್ತಿದ್ದ ಕಾಲ. ಒಂದು ರವಿವಾರ ತಂದೆಯವರ ಮೆಕ್ಯಾನಿಕನು ಗಾಡಿಯ ಹಿಂಭಾಗಕ್ಕೆ ನಟ್ಟನಡುವೆ ಜಾಕು ಕೊಟ್ಟು ಎರಡೂ ಹಿಂಗಾಲಿಗಳನ್ನು ಮೇಲೆತ್ತಿದ್ದನು. ಮುಂಗಾಲಿಗಳ ಮುಂದೆ ಕಲ್ಲು ಇಡುವುದು ನನ್ನ ಕೆಲಸ. "ಇಟ್ಟೆಯಾ?" ಎಂದು ಅವನು ಕೇಳಿದನು. ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತದೆ "ಹೂಂ" ಎಂದೆನು. ಇಟ್ಟಿರಲಿಲ್ಲ. ಹ್ಯಾಂಡ್‌ಬ್ರೇಕು ಹಿಂಗಾಲಿಗಳನ್ನು ಮಾತ್ರ ಹಿಡಿಯುತ್ತದೆ. ಅವು ಗಾಳಿಯಲ್ಲಿದ್ದ ಮೇಲೆ ಗಾಡಿಯನ್ನು ಹಿಡಿಯುವವರು ಯಾರೂ ಇಲ್ಲ. ಗಾಡಿ ಇಳಿಜಾರಿನತ್ತ ಗೇಣು ಸರಿಯಿತು, ಜಾಕು ವಾಲಿತು, ಹಿಂಭಾಗ ಧೊಪ್ಪನೆ ಕುಸಿಯಿತು. ಪಾನಾ ತೆಗೆದುಕೊಳ್ಳಲೆಂದು ಮೆಕ್ಯಾನಿಕನು ಆಗ ತಾನೇ ಹೊರಗೆ ಸರಿದಿದ್ದನು. ಅವನು ಏನೂ ಅನ್ನಲಿಲ್ಲ. ತಾನೇ ಎದ್ದು ಹೋಗಿ ಎರಡು ಕಲ್ಲು ತಂದು ಇಟ್ಟನು. ಆ ಕಲ್ಲಿನ ಸಪ್ಪಳ ನನಗೆ ಈಗಲೂ ಕೇಳಿಸುತ್ತದೆ.

ತಂದೆಯವರು ಹೋದರು, ಆ ಮೆಕ್ಯಾನಿಕನೂ ಮುದುಕನಾದನು. ಈಗ ಗಾಡಿಯ ಅಡಿಗೆ ಹೋಗುವವನು ಅವನ ಮಗ. ಹುಬ್ಬಳ್ಳಿಯಲ್ಲಿ ಬಾಗಿಲು ಹಾಕಿದ ವರ್ಕ್‌ಶಾಪೊಂದರ ಎರಡು ಕಂಬದ ಲಿಫ್ಟು ಅಗ್ಗದಲ್ಲಿ ಬಂದಾಗ ನಾನು ಹಿಂದುಮುಂದು ನೋಡದೆ ಕೊಂಡುಬಿಟ್ಟೆನು. ಅದು ಮನೆಗೆ ಬಂದು ಬಿದ್ದ ಮೇಲೆ ಅದರ ಜೊತೆಗಿದ್ದ ಕೈಪಿಡಿಯನ್ನು ಓದಿದೆನು. ಅದರ ಮೊದಲ ಷರತ್ತೇ ನೆಲ ಸಮತಟ್ಟಾಗಿರಬೇಕೆಂಬುದು.

ನೀರು ತುಂಬಿದ ನಳಿಕೆ ಹಿಡಿದು ಅಳೆದೆವು. ಹಿಂಗೋಡೆಯಿಂದ ಬಾಗಿಲವರೆಗಿನ 20 ಅಡಿಗೆ ನೆಲ 5 ಅಂಗುಲ ಇಳಿದಿತ್ತು. ಎಂದರೆ 4 ಅಡಿಗೆ ಸರಿಯಾಗಿ 1 ಅಂಗುಲ. ಇಷ್ಟು ಅಚ್ಚುಕಟ್ಟಾದ ಲೆಕ್ಕ ಅಕಸ್ಮಾತ್ತಾಗಿ ಆಗುವುದಿಲ್ಲ. ನಮ್ಮ ಭಾಗದ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿದು ನೆಲವನ್ನು ಮನಬಂದಂತೆ ತಿರುಚುವುದುಂಟು; ಆದರೆ ಅದು ಅಡಿಕೋಲು ಹಿಡಿದು ತಿರುಚುವುದಿಲ್ಲ. ಈ ಓರೆಯನ್ನು ಯಾರೋ ಬೇಕೆಂದೇ ಮಾಡಿದ್ದರು.

ನೆಲವನ್ನೆಲ್ಲ ಅಗೆದು ಸಮ ಮಾಡಿಬಿಡೋಣವೆಂದು ಗೌಂಡಿಯನ್ನು ಕರೆಸಿದೆನು. ಎಂಬತ್ತರ ಹತ್ತಿರದ ಅವನು ಹುಡುಗನಾಗಿದ್ದಾಗ ಇದೇ ಮನೆಯ ಕಟ್ಟಡಕ್ಕೆ ಗಾರೆ ಹೊತ್ತವನಂತೆ. "ಸಮ ಮಾಡಿದರ ಮಳಿ ನೀರು ಎಲ್ಲಿ ಹೋಗಬೇಕ್ರಿ?" ಎಂದನು. ಬಳಿಕ ತಂದೆಯವರ ಇನ್ನೊಂದು ಗುಟ್ಟನ್ನೂ ಹೇಳಿದನು. ಬ್ಯಾಟರಿ ಸತ್ತ ದಿನ ಗಾಡಿಯನ್ನು ನೂಕಲು ಆಳು ಹುಡುಕಬಾರದೆಂದು ಅವರು ನೆಲಕ್ಕೆ ಇಷ್ಟು ಓರೆ ಕೊಡಿಸಿದ್ದರಂತೆ. ಹೌದು, ತಂದೆಯವರು ಗಾಡಿಯನ್ನು ಯಾವಾಗಲೂ ಹಿಮ್ಮುಖವಾಗಿಯೇ ಒಳಗೆ ತರುತ್ತಿದ್ದರು. ಬ್ರೇಕು ಬಿಟ್ಟರೆ ಅದು ತಾನಾಗಿ ಉರುಳುತ್ತಿತ್ತು. ಬೀದಿಗೆ ಬರುವಷ್ಟರಲ್ಲಿ ಎರಡನೆಯ ಗೇರು ಬಿದ್ದು ಇಂಜಿನು ಜೀವ ಹಿಡಿಯುತ್ತಿತ್ತು. ಪೆಟ್ರೋಲಿನ ಆವಿಗೂ ಈ ಓರೆ ಒಳ್ಳೆಯದೆಂದು ಅನಂತರ ಓದಿದೆನು. ಅದು ಗಾಳಿಗಿಂತ ಭಾರವಾದುದು. ತಗ್ಗಿನತ್ತ ಹರಿದು ಬಾಗಿಲಿನಿಂದ ಹೊರಗೆ ಹೋಗುತ್ತದೆ. ಒಂದೇ ಓರೆಗೆ ಮೂರು ಉಪಯೋಗ. ಇಂಥ ನೆಲವನ್ನು ಕೆಡಿಸುವುದಕ್ಕೆ ಮುನ್ನ, ಹಿಂದಿನವರು ಓರೆ ನೆಲದ ಮೇಲೆ ಭಾರವನ್ನು ಹೇಗೆ ಎತ್ತುತ್ತಿದ್ದರೆಂದು ನೋಡಬೇಕೆನಿಸಿತು. ಇತಿಹಾಸದ ಮಾಸ್ತರನಿಗೆ ತಿಳಿದ ದಾರಿ ಅದೊಂದೇ.

ಗಾಡಿಯೆತ್ತುವ ವಿದ್ಯೆ ಮೋಟಾರಿಗಿಂತ ಬಹಳ ಹಳೆಯದು. ಎತ್ತಿನ ಚಕ್ಕಡಿಯ ಗಾಲಿಗೆ ಎಣ್ಣೆ ಕೊಡುವಾಗ ಒಕ್ಕಲಿಗನು ಒಂದು ಮಗ್ಗುಲನ್ನು ಎತ್ತಿ ಅಚ್ಚಿನಡಿಗೆ ಊರುಗೋಲು ಕೊಟ್ಟು, ಕೀಲು ಕಳಚಿ, ಗಾಲಿಯನ್ನು ಹೊರಗೆಳೆದು ಹರಳೆಣ್ಣೆ ಸವರುತ್ತಿದ್ದನು. ಅದಕ್ಕೂ ಮೊದಲು ಇನ್ನೊಂದು ಗಾಲಿಗೆ ಕಲ್ಲು ಕೊಡುತ್ತಿದ್ದನು. ನಾನು ಮರೆತ ಕಲ್ಲು ಅದೇ. ಮೋಟಾರು ಬಂದ ಮೇಲೆ ಊರುಗೋಲಿನ ಜಾಗಕ್ಕೆ ಜಾಕು ಬಂದಿತು. ಮೆಕ್ಯಾನಿಕರು ನೆಲದಲ್ಲಿ ಗುಂಡಿ ತೋಡಿ ಗಾಡಿಯನ್ನು ಅದರ ಮೇಲೆ ನಿಲ್ಲಿಸಿದರು. ಗುಂಡಿಯಲ್ಲಿ ಗಾಡಿ ಬೀಳುವ ಭಯ ಕಡಿಮೆ. ಆದರೆ ನಾನು ಹೇಳಿದ ಆ ಭಾರದ ಆವಿ ಅಲ್ಲಿಯೇ ಮಡುಗಟ್ಟುತ್ತದೆ, ಒಂದು ಕಿಡಿ ಸಾಕು.

ಮನುಷ್ಯನು ಕೆಳಗಿಳಿಯುವ ಬದಲು ಗಾಡಿಯನ್ನೇ ಮೇಲೆತ್ತುವ ಯಂತ್ರ ಬಂದುದು 1925ರಲ್ಲಿ. ಅಮೆರಿಕದ ಮೆಂಫಿಸ್ ನಗರದ ಪೀಟರ್ ಲುನಾಟಿ ಎಂಬ ಮೆಕ್ಯಾನಿಕನು ಕ್ಷೌರಿಕನ ಕುರ್ಚಿ ಏರುವುದನ್ನು ಕಂಡು ಮೋಟಾರನ್ನೂ ಹಾಗೆಯೇ ಏರಿಸಬಹುದಲ್ಲ ಎಂದುಕೊಂಡನೆಂದು ಹೇಳುತ್ತಾರೆ. ಅದರ ಮೂಲತತ್ತ್ವ ಇನ್ನೂ ಹಳೆಯದು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹಬ್ಬುತ್ತದೆಂದು ಫ್ರಾನ್ಸಿನ ಪಾಸ್ಕಲ್ ಬರೆದಿಟ್ಟನು. ಆ ಗ್ರಂಥ ಅವನು ತೀರಿಕೊಂಡ ಮರುವರ್ಷ, 1663ರಲ್ಲಿ ಅಚ್ಚಾಯಿತು. ಇಂಗ್ಲಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಅದನ್ನು ಯಂತ್ರ ಮಾಡಿದನು. ಸಣ್ಣ ಕೊಳವೆಯ ಬಾಯಿಯ ವಿಸ್ತೀರ್ಣಕ್ಕಿಂತ ದೊಡ್ಡ ಕೊಳವೆಯ ಬಾಯಿಯ ವಿಸ್ತೀರ್ಣ 50 ಪಟ್ಟು ಇದ್ದರೆ ಇಲ್ಲಿ 20 ಕೆ.ಜಿ. ಒತ್ತಿ ಅಲ್ಲಿ 1,000 ಕೆ.ಜಿ. ಎತ್ತಬಹುದು; ಆದರೆ ಅಲ್ಲಿ 1 ಅಂಗುಲ ಏರಬೇಕಾದರೆ ಇಲ್ಲಿ 50 ಅಂಗುಲ ಒತ್ತಬೇಕು. ಪುಕ್ಕಟೆಯಾಗಿ ಏನೂ ಸಿಕ್ಕುವುದಿಲ್ಲ.

ಲುನಾಟಿಯ ಕಂಬ ನೆಲದೊಳಗಿನಿಂದ ಮೇಲೇಳುತ್ತಿತ್ತು. ನಾನು ಕೊಂಡುದು ನೆಲದ ಮೇಲೆ ನಿಲ್ಲುವ ಜೋಡಿ ಕಂಬ. ಪ್ರತಿಯೊಂದು ಕಂಬದಿಂದ ಎರಡೆರಡು ತೋಳುಗಳು ಚಾಚಿ ಗಾಡಿಯನ್ನು ನಾಲ್ಕು ಕಡೆ ಹಿಡಿದೆತ್ತುತ್ತವೆ. ಕಂಬದ ಎತ್ತರ 10 ಅಡಿ. ನಮ್ಮ ಓರೆಯ ಮೇಲೆ ಹಾಗೆಯೇ ನಿಲ್ಲಿಸಿದರೆ ತುದಿ ಎರಡೂವರೆ ಅಂಗುಲ ಬಾಗಿಲ ಕಡೆಗೆ ವಾಲುತ್ತದೆ. ತೋಳುಗಳೂ ಅಷ್ಟೇ ಓರೆಯಾಗುತ್ತವೆ. ಏರಿದ ಗಾಡಿಗೆ ಮುಂದಕ್ಕೆ ಜಾರುವ ಮನಸ್ಸಾಗುತ್ತದೆ. ಅಂದಿನ ರವಿವಾರವನ್ನು ಆರಡಿ ಎತ್ತರದಲ್ಲಿ ಮತ್ತೆ ಆಡಿಸಿದಂತೆ.

ಮೊದಲು ನಮ್ಮೂರಿನ ಸಿದ್ಧೇಶ್ವರನ ಗುಡಿಗೆ ಹೋದೆನು. ನಿತ್ಯ ನೋಡುವ ಗುಡಿಯನ್ನು ಈ ಸಲ ಕಂಬಗಳಿಗಾಗಿ ನೋಡಿದೆನು. ಕಲ್ಯಾಣ ಚಾಲುಕ್ಯರ ಕಾಲದ ಈ ಬಗೆಯ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳನ್ನು ಚರಕಿಯ ಮೇಲೆ ತಿರುಗಿಸಿ ಕಡೆದಿದ್ದಾರೆ. ಕಲ್ಲಿಗೆ ಕಲ್ಲು ಅಂಟಿಸಲು ಗಾರೆಯನ್ನು ಬಳಸಿಲ್ಲ. ಮೇಲಿನ ಭಾರ ನೇರವಾಗಿ ಕೆಳಗಿಳಿಯುತ್ತಿರುವಷ್ಟು ಕಾಲ ಕಂಬ ನಿಲ್ಲುತ್ತದೆ. ಒಂಬತ್ತು ಶತಮಾನ ನಿಂತಿದೆ. ಆದರೆ ನನ್ನ ಲಿಫ್ಟಿಗೆ ಈ ಪಾಠ ಅರ್ಧ ಮಾತ್ರ ಸಂದಿತು. ಗುಡಿಯ ಕಂಬ ಭಾರವನ್ನು ತಲೆಯ ಮೇಲೆ ಹೊತ್ತಿದೆ. ಲಿಫ್ಟಿನ ಕಂಬವಾದರೋ ತುಂಬಿದ ಕೊಡವನ್ನು ಚಾಚಿದ ಕೈಯಲ್ಲಿ ಹಿಡಿದ ಮನುಷ್ಯನಂತೆ. ಅವನ ಕಾಲನ್ನು ನೆಲಕ್ಕೆ ಬಿಗಿಯದಿದ್ದರೆ ಕೊಡದ ಕಡೆಗೇ ಮುಗ್ಗರಿಸುತ್ತಾನೆ. ಆದುದರಿಂದಲೇ ಲಿಫ್ಟಿನ ಬುಡವನ್ನು ಕಾಂಕ್ರೀಟಿಗೆ ಬೋಲ್ಟುಗಳಿಂದ ಬಿಗಿಯಬೇಕು. ಕಾಂಕ್ರೀಟು ಕನಿಷ್ಠ ಪಕ್ಷ 4 ಅಂಗುಲ ದಪ್ಪವಿರಬೇಕು. ನಮ್ಮ ನೆಲಕ್ಕೆ ತೂತು ಕೊರೆದು ನೋಡಿದರೆ 3 ಅಂಗುಲ ಕಾಂಕ್ರೀಟು, ಅದರಡಿ ಗರಸು.

ಉಳಿದರ್ಧ ಪಾಠ ಸಿಕ್ಕಿದುದು ರಾಣೆಬೆನ್ನೂರಿನಲ್ಲಿ. ಲಿಫ್ಟಿನ ಬುಡಕ್ಕೆ ಉಕ್ಕಿನ ತಗಡು ಕತ್ತರಿಸಿಕೊಳ್ಳಲು ಅಲ್ಲಿಯ ಒಂದು ಲೇಥಿನ ಅಂಗಡಿಗೆ ಹೋಗಿದ್ದೆನು. ಅಂಗಡಿಯ ಹಿರಿಯ ಮಿಸ್ತ್ರಿ ವಯಸ್ಸಿನಲ್ಲಿದ್ದಾಗ ಹರಿಹರದ ಮೈಸೂರು ಕಿರ್ಲೋಸ್ಕರ ಕಾರಖಾನೆಯಲ್ಲಿ ದುಡಿದವನು. ಅದು ಸ್ಥಾಪನೆಯಾದ 1941ರಲ್ಲಿ ತುಂಗಭದ್ರೆಯ ಆಚೆಯ ಹರಿಹರ ಮೈಸೂರು ಸಂಸ್ಥಾನ, ಈಚೆಯ ರಾಣೆಬೆನ್ನೂರು ಮುಂಬಯಿ ಪ್ರಾಂತ. 1956ರಲ್ಲಿ ರಾಜ್ಯಗಳು ಒಂದಾಗುವವರೆಗೆ ಹೀಗೆಯೇ ಇದ್ದಿತು. ಈಗ ಆ ಕಾರಖಾನೆ ಇಲ್ಲ. ಅಲ್ಲಿ ತಯಾರಾದ ಲೇಥುಗಳು ಎಷ್ಟೋ ಅಂಗಡಿಗಳಲ್ಲಿ ಇನ್ನೂ ತಿರುಗುತ್ತಿವೆ. "ಲೇಥು ಕೂಡಿಸುವಾಗ ನಾವು ನೆಲ ನೋಡುತ್ತಿರಲಿಲ್ಲ, ಲೇಥಿನ ಬೆನ್ನು ನೋಡುತ್ತಿದ್ದೆವು" ಎಂದನು ಮಿಸ್ತ್ರಿ. ನೆಲ ಹೇಗಾದರೂ ಇರಲಿ, ಕಾಲುಗಳ ಕೆಳಗೆ ಉಕ್ಕಿನ ಬೆಣೆ ಸರಿಸಿ ಸರಿಸಿ ಯಂತ್ರದ ಬೆನ್ನಿನ ಮೇಲಿಟ್ಟ ಮಟ್ಟದ ಗುಳ್ಳೆ ನಡುವೆ ನಿಲ್ಲುವಂತೆ ಮಾಡುವುದು. ಆ ಗುಳ್ಳೆ ತಪ್ಪಿದ ಲೇಥು ಕಡೆದ ಸಾಮಾನೆಲ್ಲ ಸೊಟ್ಟ.

ಹಾಗಾದರೆ ಬೆಣೆಯೇ ಸಾಕಲ್ಲವೆ ಎಂದೆನು. ಬುಡದ ತಗಡು 18 ಅಂಗುಲ ಉದ್ದ. ನಮ್ಮ ಓರೆಗೆ ಮುಂದಿನ ಅಂಚಿನಡಿ 3/8 ಅಂಗುಲ ಬೆಣೆ ಕೊಟ್ಟರೆ ಕಂಬ ನೆಟ್ಟಗಾಗುತ್ತದೆ. ಮಿಸ್ತ್ರಿ ತಲೆಯಾಡಿಸಿದನು. ಕಾಂಕ್ರೀಟು ಗಟ್ಟಿ ಇದ್ದಲ್ಲಿ ಅಷ್ಟು ಬೆಣೆ ನಡೆದೀತು. 3 ಅಂಗುಲದ ನೆಲಕ್ಕೆ ಬೋಲ್ಟು ಹೊಡೆದು ಅದರ ಮೇಲೆ ಬೆಣೆ ಕೊಡುವುದು ಹಲ್ಲಿಲ್ಲದ ಬಾಯಿಗೆ ಕಡಲೆ ಕೊಟ್ಟಂತೆ ಎಂದನು. ತಗಡು ಕತ್ತರಿಸಿ ಕೊಟ್ಟನು. ಆದರೆ "ಮೊದಲು ಬುಡ ಮಾಡಿರಿ" ಎಂದು ಹೇಳಿ ಕಳಿಸಿದನು.

ಬುಡವೆಂದರೆ ಹೇಗಿರಬೇಕೆಂದು ತಿಳಿಯಲು ನಾನು ಇಂಜಿನಿಯರರ ಬಳಿಗೆ ಹೋಗಬೇಕಾಗಿತ್ತು, ಹೋದೆನು ಕೂಡ. ಆದರೆ ಅದು ಮನಸ್ಸಿಗೆ ನಾಟಿದುದು ಗಳಗನಾಥದಲ್ಲಿ. ಕಾದಂಬರಿಕಾರ ಗಳಗನಾಥರ ಹೆಸರಿನಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಈ ಊರು ವರದೆ ತುಂಗಭದ್ರೆಯನ್ನು ಕೂಡುವಲ್ಲಿ ಇದೆ. ಅಲ್ಲಿಯ ಗಳಗೇಶ್ವರ ಗುಡಿಯ ಗರ್ಭಗೃಹದ ಸುತ್ತ ಕಲ್ಲಿನ ಭಾರೀ ಬುಡವೊಂದು ನೆಲದಿಂದ ಇಳಿಜಾರಾಗಿ ಮೇಲೇರಿದೆ, ಪಿರಮಿಡ್ಡಿನ ಕೆಳಗಿನ ತುಂಡಿನಂತೆ. ಹೊರಗೆ ನದಿಯ ದಂಡೆ, ದಂಡೆಗೆ ಒರಗಿದಂತೆ ಕಲ್ಲಿನ ಇಳಿಜಾರು, ಅದರ ನಡುವೆ ನೆಟ್ಟಗೆ ಎದ್ದ ಗೋಡೆ. ಕಟ್ಟಿದವರು ದಂಡೆಯನ್ನು ಸಮ ಮಾಡುವ ಗೋಜಿಗೆ ಹೋಗಲಿಲ್ಲ. ತಮ್ಮ ಕಲ್ಲಿನ ಕಾಲೂರುವಷ್ಟು ಜಾಗವನ್ನು ಭದ್ರಮಾಡಿಕೊಂಡು, ನೀರಿಗೆ ತನ್ನ ದಾರಿಯನ್ನು ಬಿಟ್ಟುಕೊಟ್ಟರು. ನನ್ನ ಗ್ಯಾರೇಜಿಗೆ ಬೇಕಾದುದೂ ಇದೇ. ನೆಲ ಓರೆಯಾಗಿಯೇ ಇರಲಿ. ಎರಡು ಕಂಬಗಳ ಕೆಳಗೆ ಮಾತ್ರ ಎರಡು ಸಮತಟ್ಟಾದ ಬುಡ.

ಹೀಗೆ ಗೊತ್ತುಮಾಡಿಕೊಂಡು ಬಂದು, ಕಂಬ ನಿಲ್ಲುವಲ್ಲಿ 4 ಅಡಿ ಚೌಕದ ಎರಡು ಗುಂಡಿಗಳನ್ನು 1 ಅಡಿ ಆಳ ತೆಗೆಸಿದೆವು. ಗುಂಡಿಯ ತಳವನ್ನೂ ನೀರಮಟ್ಟಕ್ಕೆ ಸಮ ಮಾಡಿಸಿದೆವು. ತಳ ಓರೆಯಾದರೆ ಬುಡವೇ ಜಾರಲು ಹವಣಿಸುತ್ತದೆ. ಗೌಂಡಿ ಕಬ್ಬಿಣದ ಜಾಳಿಗೆ ಕಟ್ಟಿ ಕಾಂಕ್ರೀಟು ಸುರಿದನು. ಬುಡದ ಹಿಂದಿನ ಅಂಚು ಹಳೆಯ ನೆಲಕ್ಕೆ ಸಮ. ಮುಂದಿನ ಅಂಚು ನೆಲಕ್ಕಿಂತ 1 ಅಂಗುಲ ಮೇಲೆ. ನೀರು ಎಲ್ಲಿಯೂ ನಿಲ್ಲದೆ ಬದಿಯಿಂದ ಇಳಿದು ಹೋಗಬೇಕೆಂದು ಹೀಗೆ. ಗಾಡಿಯ ಗಾಲಿಗಳು ಓಡಾಡುವ ಜಾಗದಿಂದ ಬುಡಗಳು ಹೊರಗಿದ್ದುದರಿಂದ ಅವಕ್ಕೆ ಎಡವುವ ಭಯವಿರಲಿಲ್ಲ.

ಕಾಂಕ್ರೀಟು ತನ್ನ ಬಲಕ್ಕೆ ಬರಲು 28 ದಿನ. ಅಷ್ಟು ದಿನವೂ ಒದ್ದೆ ಗೋಣಿಚೀಲ ಹೊದಿಸಿರಬೇಕೆಂದು ಗೌಂಡಿ ಹೇಳಿದನು. ಚೀಲಕ್ಕೆಂದು ಬ್ಯಾಡಗಿಗೆ ಹೋದೆನು. ಮೆಣಸಿನಕಾಯಿಯ ಪೇಟೆಯಲ್ಲಿ ಚೀಲಕ್ಕೆ ಬರವೆ? 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಎಲ್ಲರೂ ಹೇಳುತ್ತಾರೆ. ನೀರು ಬಿದ್ದ ಆ ಹಳೆಯ ಚೀಲಗಳಿಗೆ ಮಾತ್ರ ಈ ಮಾತು ತಿಳಿದಿರಲಿಲ್ಲ. 28 ದಿನವೂ ಮನೆಯಲ್ಲಿ ಒಬ್ಬರಾದ ಮೇಲೊಬ್ಬರು ಕೆಮ್ಮಿದೆವು. ಬುಡದ ಮೇಲೆ ಕೆಂಪು ಕಲೆ ಈಗಲೂ ಇದೆ.

ಆದರೆ ಬ್ಯಾಡಗಿಗೆ ಹೋದುದು ಚೀಲಕ್ಕಿಂತ ದೊಡ್ಡ ಲಾಭ ತಂದಿತು. ಅಂಗಡಿಯ ಕಟ್ಟೆಯ ಮೇಲೆ ಕುಳಿತ ಮುದುಕ ರೈತನೊಬ್ಬನು ನನ್ನ ಕಥೆಯನ್ನೆಲ್ಲ ಕೇಳಿ ನಕ್ಕನು. "ಇದೇನು ಹೊಸದ್ರಿ? ನಮ್ಮಪ್ಪನ ಕಪಿಲೆ ಹಿಂಗೇ ಇತ್ತಲ್ಲ" ಎಂದನು. ಒಂದು ಕ್ಷಣ ನನಗೆ ಅರ್ಥವಾಗಲಿಲ್ಲ, ಅರ್ಥವಾದಾಗ ನಾಚಿಕೆಯಾಯಿತು. ಎಷ್ಟು ವರ್ಷ ಹುಡುಗರಿಗೆ ಕಪಿಲೆ ಬಾವಿಯ ಪಾಠ ಹೇಳಿದ್ದೇನೆ! ಬಾವಿಯ ದಡದಲ್ಲಿ ನೆಟ್ಟಗೆ ಎರಡು ಕಂಬ, ಅವುಗಳ ನಡುವೆ ಗಾಲಿ, ಗಾಲಿಯ ಮೇಲಿಂದ ಹಗ್ಗ, ಹಗ್ಗದ ಒಂದು ತುದಿಗೆ ತೊಗಲಿನ ಬಾನಿ, ಇನ್ನೊಂದು ತುದಿಗೆ ಎತ್ತಿನ ಜೋಡಿ. ಎತ್ತು ನಡೆಯುವ ದಾರಿ ಬಾವಿಯಿಂದ ಹೊರಗೆ ಇಳಿಜಾರು. ಇಳಿಯುವ ಎತ್ತಿಗೆ ತನ್ನ ಮೈತೂಕವೇ ಬಲ; ಹೊಡೆಯುವವನು ಹಗ್ಗದ ಮೇಲೆ ಕುಳಿತು ತನ್ನ ತೂಕವನ್ನೂ ಕೂಡಿಸುತ್ತಿದ್ದನು. ಮೇಲೆ ಬಂದ ಬಾನಿ ನೀರು ಸುರಿದ ಮೇಲೆ ಎತ್ತುಗಳು ಹಿಂದಕ್ಕೆ ಹೆಜ್ಜೆಯಿಟ್ಟು ಏರಿ ಬರುತ್ತಿದ್ದುವು.

ಓರೆ ನೆಲದ ತಲೆಯಲ್ಲಿ ಜೋಡಿ ಕಂಬ, ಕಂಬದಿಂದ ಭಾರದ ಎತ್ತುವಿಕೆ: ನಾನು ಹುಬ್ಬಳ್ಳಿಯಿಂದ ತಂದುದಕ್ಕೆ ಇದಕ್ಕಿಂತ ಹತ್ತಿರದ ಪೂರ್ವಜ ಯಾವುದಿದೆ? ಹಗ್ಗ ಒಂದು ಕಡೆ ಬಾವಿಗೂ ಇನ್ನೊಂದು ಕಡೆ ಇಳಿಜಾರಿಗೂ ಎಳೆಯುವುದರಿಂದ ಆ ಕಂಬಗಳೂ ಎತ್ತುಗಳ ಕಡೆಗೆ ಮುಗ್ಗರಿಸಲು ಹವಣಿಸುತ್ತಿದ್ದುವು. ಆದುದರಿಂದಲೇ ಅವುಗಳ ಬುಡವನ್ನು ಕಲ್ಲಿನಲ್ಲಿ ಕಚ್ಚಿಸುತ್ತಿದ್ದರು. ಕಂಬ ಅಲುಗಿತೆಂದರೆ ಮೊದಲ ಪೆಟ್ಟು ಎತ್ತಿಗೆ, ಎರಡನೆಯದು ಹಗ್ಗದ ಮೇಲೆ ಕುಳಿತವನಿಗೆ. ವಿದ್ಯುತ್ತಿನ ಪಂಪುಸೆಟ್ಟು ಬಂದು ಕಪಿಲೆ ಹೋಯಿತು. ಆ ಮುದುಕನ ಹೊಲದಲ್ಲಿ ಬಾವಿಯನ್ನು ಮುಚ್ಚಿದ್ದಾರೆ. ಇಳಿಜಾರು ಮಾತ್ರ ಉಳಿದಿದೆಯಂತೆ, ಮೊಮ್ಮಕ್ಕಳು ಅದರ ಮೇಲೆ ಸೈಕಲ್ಲು ಬಿಡುತ್ತಾರೆ.

ಇಪ್ಪತ್ತೊಂಬತ್ತನೆಯ ದಿನ ಕಂಬಗಳನ್ನು ನಿಲ್ಲಿಸಿದೆವು. ಗೌಂಡಿ ನಾಲ್ಕೂ ಕಡೆಯಿಂದ ಒಳಂಬ ಇಳಿಬಿಟ್ಟು ನೋಡಿದನು. ರಾಣೆಬೆನ್ನೂರಿನಿಂದ ತಂದ ತಗಡುಗಳಲ್ಲಿ ಬೇಕಾದುದು ತೆಳ್ಳನೆಯದೊಂದೇ. ಉಳಿದವು ಅಟ್ಟ ಸೇರಿದುವು. ಬೋಲ್ಟುಗಳನ್ನು ಬುಡದ ಅಂಚಿನಿಂದ ಸಾಕಷ್ಟು ಒಳಗೆ ಬಿಗಿದೆವು. ಅಂಚಿನ ಬಳಿ ಬಿಗಿದರೆ ಕಾಂಕ್ರೀಟು ಸಿಡಿಯುತ್ತದೆ.

ಆಗ ಇನ್ನೊಂದು ತೊಡಕು ಎದುರಾಯಿತು. ಕಂಬ ನೆಟ್ಟಗಿದೆ, ತೋಳುಗಳು ಸಮವಾಗಿವೆ. ಆದರೆ ಓರೆ ನೆಲದ ಮೇಲೆ ನಿಂತ ಗಾಡಿಯ ಮೂತಿ ಕೆಳಗಿದೆ. ಎತ್ತುವ ಬಿಂದುಗಳ ನಡುವೆ 64 ಅಂಗುಲ. ಮುಂದಿನ ತೋಳುಗಳು ಗಾಡಿಯನ್ನು ಮುಟ್ಟಿದಾಗ ಹಿಂದಿನವುಗಳಿಗೂ ಗಾಡಿಗೂ ಸುಮಾರು 1.3 ಅಂಗುಲ ಅಂತರ ಉಳಿಯುತ್ತದೆ. ಹಾಗೆಯೇ ಎತ್ತಿದರೆ ಮುಂಭಾಗ ಮೊದಲೇಳುತ್ತದೆ, ಮುಂಗಾಲಿಗಳು ನೆಲ ಬಿಡುತ್ತವೆ, ಹಿಂಭಾಗ ಮಾತ್ರ ನೆಲದಲ್ಲಿಯೇ ಉಳಿಯುತ್ತದೆ.  ಆದುದರಿಂದ ಹಿಂದಿನ ತೋಳುಗಳ ತುದಿಗೆ ಅಷ್ಟೇ ಎತ್ತರದ ಹೆಚ್ಚಿನ ಗುಬ್ಬಿಗಳನ್ನು ಹಾಕಿ, ನಾಲ್ಕೂ ಒಮ್ಮೆಗೇ ಮುಟ್ಟುವಂತೆ ಮಾಡಿದೆವು.

ಮೆಕ್ಯಾನಿಕನ ಮಗ ಸ್ವಿಚ್ಚಿಗೆ ಕೈಹಾಕುವ ಮೊದಲು ಅವನನ್ನು ತಡೆದು, ನಾನು ಹೋಗಿ ಎರಡು ಕಲ್ಲು ತಂದು ಮುಂಗಾಲಿಗಳ ಮುಂದೆ ಇಟ್ಟೆನು. ಲಿಫ್ಟಿಗೆ ಕಲ್ಲು ಏತಕ್ಕೆಂದು ಹುಡುಗ ನಕ್ಕನು. ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ಅವನ ತಂದೆ ನಗಲಿಲ್ಲ. "ಇಟ್ಟರೇನು?" ಎಂದು ಕೇಳಿದನು. "ಇಟ್ಟೆ" ಎಂದೆನು. ಗಾಡಿ ನೆಲ ಬಿಟ್ಟು ಸಮವಾಗಿ ಏರಿತು. ಗೇಣು ಎತ್ತರದಲ್ಲಿ ನಿಲ್ಲಿಸಿ ನಾಲ್ಕೂ ಕಡೆ ಅಲ್ಲಾಡಿಸಿ ನೋಡಿದೆವು. ಮತ್ತೆ ಏರಿಸಿ, ಕಂಬದ ಹಲ್ಲುಗಳಲ್ಲಿ ತಡೆ ಕಚ್ಚಿದ ಸಪ್ಪಳ ಎರಡೂ ಕಡೆ ಕೇಳಿದ ಮೇಲೆಯೇ ಹುಡುಗನನ್ನು ಅಡಿಗೆ ಬಿಟ್ಟೆವು. ಅವನು ನಿಂತುಕೊಂಡೇ ಗ್ರೀಸು ಹಾಕಿದನು. ಅವನ ತಂದೆ ಜೀವಮಾನವೆಲ್ಲ ಮಲಗಿ ಹಾಕಿದ ಗ್ರೀಸು ಅದು.

ಈ ವರ್ಷ ಜೂನಿನ ಮೊದಲ ಮಳೆ ಗಾಳಿಯೊಡನೆ ಬಂದು ಹಿಂಗೋಡೆಯ ಜಾಲಂಧ್ರದಿಂದ ನೀರು ಒಳಗೆ ಹೊಡೆಯಿತು. ಕಂದೀಲು ಹಿಡಿದು ಹೋಗಿ ನೋಡಿದೆನು. ನೀರು ಎಂದಿನಂತೆ ಹಿಂದಿನಿಂದ ಮುಂದಕ್ಕೆ ಹರಿದು, ಕೆಂಪು ಕಲೆಯ ಆ ಎರಡು ಬುಡಗಳ ಬಳಿ ಕವಲೊಡೆದು, ಬದಿಯಿಂದ ಇಳಿದು, ತಂದೆಯವರು ತೋರಿಸಿದ್ದ ದಾರಿಯಲ್ಲಿಯೇ ಬೀದಿಗೆ ಹೋಗುತ್ತಿತ್ತು.